ಸುರಂಗದೊಳಗೆ ತಪ್ಪಿಹೋದ ಮಾತು

ಕಾನ್ಸಾಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಮಾಂಸದ ಲೋಡು ಹೊಡೆಯುವ ಡೆಲ್ಮರ್ ಪ್ರುವಿಟ್‌ಗೆ ಮನೆಯಲ್ಲಿ ಬಾಯಿಯೇ ಇರಲಿಲ್ಲ. ವಾರಕ್ಕೊಮ್ಮೆ ಬರುತ್ತಿದ್ದ, ಬೂಟು ಬಿಚ್ಚುತ್ತಿದ್ದ, ಹೆಂಡತಿ ನಡೀನ್ ಬಡಿಸಿದ್ದನ್ನು ತಿಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಅವಳು ಹೇಳಿದ್ದಕ್ಕೆಲ್ಲ "ಹ್ಞೂಂ" ಅನ್ನುತ್ತಿದ್ದ. ಅದೇ ಮನುಷ್ಯ ಲಾರಿ ಹತ್ತಿ ಹೆದ್ದಾರಿ ಸೇರಿದನೆಂದರೆ ದೇಶವೆಲ್ಲ ಕೇಳುವಂತೆ ಹರಟೆ ಕೊಚ್ಚುತ್ತಿದ್ದ.

ಅದಕ್ಕೆ ಕಾರಣ ಉಪಗ್ರಹ ರೇಡಿಯೊ. ಹಿಂದೆಲ್ಲ ಒಂದು ಊರಿನ ಸ್ಟೇಷನ್ ಹಿಡಿದು ಹಾಡು ಕೇಳುತ್ತ ಹೊರಟರೆ ಚರಣ ಮುಗಿಯುವಷ್ಟರಲ್ಲಿ ಊರೇ ಹಿಂದೆ ಬಿದ್ದು ಬರೀ ಗೊರಗೊರ ಉಳಿಯುತ್ತಿತ್ತು. ಈಗಿನದು ಹಾಗಲ್ಲ. ಮನೆಯ ಅಂಗಳದಲ್ಲಿ ಹಚ್ಚಿದರೆ ಸಮುದ್ರ ಕಾಣುವ ತನಕ ಅದೇ ದನಿ ಜೊತೆಗಿರುತ್ತದೆ. ಅದರಲ್ಲಿ ಲಾರಿಯವರಿಗೆಂದೇ ಒಂದು ಚಾನೆಲ್. ಮಧ್ಯಾಹ್ನ ಅಲ್ಲಿ ರಾಸ್ಕೋ ಎಂಬ ಗೊಗ್ಗರು ದನಿಯವನು ಡ್ರೈವರುಗಳ ಫೋನು ತೆಗೆದುಕೊಂಡು ಮಾತಾಡಿಸುತ್ತಿದ್ದ. ಡೆಲ್ಮರ್ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಣ್ಣನ್ನು ರಸ್ತೆಯ ಮೇಲೆ ನೆಟ್ಟು, ಅವನಿಗೆ ಫೋನು ಹಚ್ಚುತ್ತಿದ್ದ.

ಹೇಳುತ್ತಿದ್ದುದೆಲ್ಲ ನಡೀನಳ ಕಥೆಗಳೇ. ಪೊರಕೆ ಹಿಡಿದು ಗೂಳಿಯನ್ನು ಜಗಲಿಯಿಂದ ಓಡಿಸಿದಳಂತೆ. ಪಾದ್ರಿಯ ಜೊತೆ ಬೇಸ್‌ಬಾಲ್ ವಿಷಯಕ್ಕೆ ಜಗಳವಾಡಿ ಪ್ರಾರ್ಥನೆಯನ್ನೇ ತಡಮಾಡಿಸಿದಳಂತೆ. ಅವಳು ಬೆಳಗಿನ ತಿಂಡಿಗೆ ಮಾಡುವ ದಪ್ಪ ಬಿಸ್ಕತ್ತನ್ನು ಚಕ್ರದ ಕೆಳಗಿಟ್ಟರೆ ಎಂಥ ಇಳಿಜಾರಿನಲ್ಲೂ ಲಾರಿ ಕದಲುವುದಿಲ್ಲವಂತೆ. ಡ್ರೈವರುಗಳು ಬಿದ್ದು ಬಿದ್ದು ನಗುತ್ತಿದ್ದರು. ಡೆಲ್ಮರ್ ಒಂದು ದಿನ ಫೋನು ಮಾಡದಿದ್ದರೆ "ನಡೀನಮ್ಮ ಹೇಗಿದ್ದಾರೆ?" ಎಂದು ಬೇರೆಯವರೇ ಕೇಳುತ್ತಿದ್ದರು.

ನಡೀನ್ ವಸಂತದಲ್ಲಿ ಕಾರು ಬದಲಾಯಿಸಿದಳು. ಹೊಸ ಕಾರಿನಲ್ಲೂ ಅದೇ ರೇಡಿಯೊ ಇತ್ತು ಎಂಬುದನ್ನು ಡೆಲ್ಮರ್ ಗಮನಿಸಿರಲಿಲ್ಲ.

ಆ ಮಧ್ಯಾಹ್ನ ಅವನು ಡೆನ್ವರ್ ದಾಟಿ ಕೊಲರಾಡೊದ ಬೆಟ್ಟಗಳನ್ನು ಏರುತ್ತಿದ್ದ. ಭಾರದ ಲಾರಿ ಏದುಸಿರು ಬಿಡುತ್ತ ಬಲಗಡೆಯ ಸಾಲಿನಲ್ಲಿ ತೆವಳುತ್ತಿತ್ತು. ರೇಡಿಯೊದಲ್ಲಿ ರಾಸ್ಕೋ, "ಕಾನ್ಸಾಸ್‌ನಿಂದ ಒಬ್ಬ ತಾಯಿ ಕಾಯ್ತಾ ಇದಾರೆ. ಹೇಳಿ ಅಮ್ಮಾ, ಯಾವ ಲಾರಿ ಓಡಿಸ್ತೀರಿ?" ಅಂದ.

"ಲಾರಿ ಓಡಿಸಲ್ಲ. ಲಾರಿ ಓಡಿಸೋನನ್ನ ಕಟ್ಕೊಂಡಿದೀನಿ. ನಾನು ನಡೀನ್ ಪ್ರುವಿಟ್."

ಡೆಲ್ಮರ್ ರೇಡಿಯೊದ ದನಿ ಏರಿಸಿದ. ರಾಸ್ಕೋ, "ಯಾರು, ಗೂಳಿ ನಡೀನಮ್ಮನಾ?" ಎಂದು ಕೇಳಿದ.

"ಅದು ಗೂಳಿ ಅಲ್ಲಪ್ಪ, ಪಕ್ಕದ್ಮನೆ ಕರು. ಪೊರಕೆನೂ ತಗೊಂಡಿಲ್ಲ. ಒಂದು ಸೇಬು ತೋರಿಸ್ದೆ, ಹಿಂದೇನೇ ಬಂತು."

"ಮತ್ತೆ ಆ ಬಿಸ್ಕತ್ತು?"

"ಬಿಸ್ಕತ್ತಿನ ಲೆಕ್ಕ ಮನೇಲಿ ನೋಡ್ಕೋತೀನಿ. ಈಗ ನನ್ನ ಗಂಡನ ಬಗ್ಗೆ ನಾನೊಂದು ಮಾತು ಹೇಳ್ಬೇಕು. ಇಷ್ಟು ದಿನ ಅವನು ಹೇಳಿದ್ದು ಎಲ್ರೂ ಕೇಳಿದೀರಿ, ಇದನ್ನೂ ಕೇಳಿ. ಡೆಲ್ಮರ್ ಮನೆಗೆ ಬಂದಾಗ—"

ಅಷ್ಟರಲ್ಲಿ ಲಾರಿ ಸುರಂಗ ಹೊಕ್ಕಿತು. ರೇಡಿಯೊ ಸತ್ತಿತು.

ಬೆಟ್ಟದ ಹೊಟ್ಟೆಯೊಳಗೆ ಆಕಾಶದ ದನಿ ಬರುವುದಿಲ್ಲ ಎಂಬುದು ಡೆಲ್ಮರ್‌ಗೆ ಗೊತ್ತಿಲ್ಲದ್ದೇನಲ್ಲ. ಆದರೂ ರೇಡಿಯೊದ ಮೇಲೆ ಎರಡು ಸಲ ಗುದ್ದಿದ. ಮುಂದೆ, ಕಾರಿನ ಹಿಂದೆ ಕುದುರೆ ಸಾಗಿಸುವ ಡಬ್ಬಿಗಾಡಿ ಕಟ್ಟಿಕೊಂಡಿದ್ದ ಮುದುಕನೊಬ್ಬ ಆರಾಮವಾಗಿ ಸಾಗುತ್ತಿದ್ದ. ಗಾಡಿಯೊಳಗಿನ ಕುದುರೆ ಹಿಂಬದಿಯ ಕಂಡಿಯಿಂದ ಡೆಲ್ಮರನನ್ನೇ ನೋಡುತ್ತಿತ್ತು. ಹಾರ್ನ್ ಹೊಡೆಯುವಂತಿಲ್ಲ, ದಾಟುವಂತಿಲ್ಲ. ಸುರಂಗದ ದೀಪಗಳು ಒಂದಾದ ಮೇಲೊಂದು ಬರುತ್ತಲೇ ಇದ್ದವು.

ಹೊರಗೆ ಬಿಸಿಲಿಗೆ ಬಿದ್ದಾಗ ರೇಡಿಯೊಗೆ ಜೀವ ಬಂತು. ರಾಸ್ಕೋ ಮೂಗು ಸೀಟುತ್ತಿದ್ದ. "ಡೆಲ್, ಎಲ್ಲಿದ್ರೂ ಸರಿ, ಮನೆಗೊಂದು ಫೋನ್ ಮಾಡು ಮಾರಾಯ," ಅಂದವನೇ ಹಾಡು ಹಾಕಿಬಿಟ್ಟ.

ಡೆಲ್ಮರ್ ಮನೆಗೆ ಫೋನು ಮಾಡಿದ. ಎತ್ತಲಿಲ್ಲ. ರಾಸ್ಕೋಗೆ ಮಾಡಿದ. ಎಂಗೇಜ್. ಇಳಿಜಾರಿನುದ್ದಕ್ಕೂ ಅವನ ತಲೆಯಲ್ಲಿ ಒಂದೇ ಯೋಚನೆ: ರಾಸ್ಕೋ ನಕ್ಕೂ ನಕ್ಕೂ ಮೂಗು ಸೀಟಿದನೋ, ಅತ್ತೋ? ಎದುರಿನಿಂದ ಬಂದ ಒಂದು ಲಾರಿ ದೀಪ ಮಿಟುಕಿಸಿತು. ಆಮೇಲೆ ಇನ್ನೊಂದು. ಸುಮ್ಮನೆ ಮಿಟುಕಿಸಿದವೋ, ಅವನ ಲಾರಿಯ ಗುರುತು ಸಿಕ್ಕಿ ಮಿಟುಕಿಸಿದವೋ ತಿಳಿಯಲಿಲ್ಲ.

ಯೂಟಾದ ಗ್ರೀನ್ ರಿವರ್‌ನಲ್ಲಿ ಡೀಸೆಲ್‌ಗೆ ನಿಲ್ಲಿಸಿದಾಗ ಇನ್ನೂ ಬಿಸಿಲಿತ್ತು. ಪಕ್ಕದ ಪಂಪಿನಲ್ಲಿ ಟ್ರುಡಿ ನಿಂತಿದ್ದಳು. ಪೀಚ್ ಹಣ್ಣು ಸಾಗಿಸುವ ಗಟ್ಟಿಗಿತ್ತಿ, ಇದೇ ದಾರಿಯಲ್ಲಿ ಅವನಿಗೆ ಎಷ್ಟೋ ಸಲ ಸಿಕ್ಕವಳು. ಅವನನ್ನು ಕಂಡದ್ದೇ ಸೊಂಟದ ಮೇಲೆ ಕೈಯಿಟ್ಟಳು.

"ಬಂದಾ ದೊರೆ? ಗೂಳಿಯಂತೆ ಗೂಳಿ. ಕರುವಂತೆ ಕಣಣ್ಣ."

"ಟ್ರುಡಿ, ನಿನ್ ಕಾಲಿಗೆ ಬೀಳ್ತೀನಿ. ಆಮೇಲೆ ಏನಂದ್ಲು? ನಾನು ಸುರಂಗದಲ್ಲಿದ್ದೆ."

ಟ್ರುಡಿ ಮೊದಲು ನಕ್ಕಳು. ನಗುತ್ತ ನಗುತ್ತ ಅವನ ಮುಖ ನೋಡಿ ನಿಲ್ಲಿಸಿದಳು. "ನಿಜವಾಗ್ಲೂ ಕೇಳಿಲ್ವಾ? ಅಯ್ಯೋ ಪಾಪ. ಕೇಳಿಲ್ಲಿ. 'ಡೆಲ್ಮರ್ ಮನೆಗೆ ಬಂದಾಗ ಹ್ಞೂಂ ಅಂತಾನೆ, ಅಷ್ಟೇ. ನನ್ ಹತ್ರ ಹೇಳೋಕೆ ಅವನಿಗೆ ಏನೂ ಇಲ್ಲ ಅಂದ್ಕೊಂಡೇ ಇಷ್ಟು ವರ್ಷ ಕಳೆದೆ. ಈಗ ನೋಡಿದ್ರೆ ಬಾಯ್ತುಂಬ ನಂದೇ ಮಾತು. ದಿನಾ ಅಡುಗೆ ಬಿಟ್ಟು ಬಂದು ಕಾರಲ್ಲಿ ಕೂತು ಕೇಳ್ತೀನಿ. ಬಿಸ್ಕತ್ತನ್ನ ಏನಾದ್ರೂ ಅನ್ಲಿ, ಆದ್ರೆ ಒಂದ್ಸಲ ನನ್ನೆದುರಿಗೇ ಅನ್ಲಿ.' ಇಷ್ಟು ಅಂದ್ಲು. ನಾನು ಅಳೋಳಲ್ಲ, ನಿಂಗೊತ್ತು. ಕನ್ನಡಕ ಒರೆಸ್ಕೋಬೇಕಾಯ್ತು."

ಡೆಲ್ಮರ್ ಡೀಸೆಲ್ ಪೈಪನ್ನು ಹಿಡಿದುಕೊಂಡೇ ನಿಂತಿದ್ದ. ಟ್ಯಾಂಕು ತುಂಬಿ ಪಂಪು ತಾನೇ ನಿಂತಿದ್ದೂ ಅವನಿಗೆ ಗೊತ್ತಾಗಲಿಲ್ಲ. ಟ್ರುಡಿಯೇ ಪೈಪು ಕಿತ್ತು ಸಿಕ್ಕಿಸಿ, ಅವನನ್ನು ಅತ್ತ ತಳ್ಳಿದಳು. "ಹೋಗು, ಫೋನ್ ಮಾಡು."

ಈ ಸಲ ನಡೀನ್ ಎತ್ತಿದಳು.

"ನಾನು," ಅಂದ ಡೆಲ್ಮರ್.

"ಗೊತ್ತು."

ಬೇಡವೆಂದರೂ ಅವನ ಬಾಯಿಂದ "ಹ್ಞೂಂ" ಹೊರಟೇಬಿಟ್ಟಿತು. ಆ ಕಡೆಯಿಂದ ನಡೀನ್ ಎಷ್ಟು ನಕ್ಕಳೆಂದರೆ, ಅವನೂ ಪಾರ್ಕಿಂಗ್ ಅಂಗಳದ ನಡುವೆ ಒಬ್ಬನೇ ನಿಂತು ನಗತೊಡಗಿದ.

ಆ ವಾರದ ಕೊನೆಗೆ ಮನೆಗೆ ಬಂದ. ಅಡುಗೆಮನೆಯ ಮೇಜಿಗೆ ಕೂತ. ನಡೀನ್ ಎದುರಿಗೆ ಕೂತು ಗಲ್ಲಕ್ಕೆ ಕೈಕೊಟ್ಟು, "ಹೇಳು, ಕೇಳ್ತೀನಿ" ಅಂದಳು. ಡೆಲ್ಮರ್ ಉಪ್ಪಿನ ಡಬ್ಬಿಯನ್ನು ಆ ಕಡೆ ಸರಿಸಿದ, ಈ ಕಡೆ ಸರಿಸಿದ. ಅವಳ ಕಣ್ಣು ತನ್ನ ಮೇಲೇ ಇರುವುದು ಕಂಡು ಕಿಟಕಿಯತ್ತ ತಿರುಗಿದ. ಕಿವಿ ಕೆಂಪಗಾಯಿತು.

"ಆಗ್ತಿಲ್ಲ ನಡೀನ್. ಕಣ್ಮುಂದೆ ರಸ್ತೆ ಇಲ್ದಿದ್ರೆ ಬರಲ್ಲ ನಂಗೆ."

ಅವಳು ಎದ್ದು ಗೂಟದಿಂದ ಕಾರಿನ ಕೀಲಿ ತೆಗೆದಳು. "ಏಳು. ಇಷ್ಟೇ ತಾನೆ?"

ಇಬ್ಬರೂ ಕಾರಿನಲ್ಲಿ ಕೂತರು. ಅವಳು ಸ್ಟೀರಿಂಗ್ ಹಿಡಿದಳು, ಅವನು ಪಕ್ಕದ ಸೀಟಿನಲ್ಲಿ. ಗೋಧಿ ಹೊಲಗಳ ನಡುವಿನ ನೇರ ರಸ್ತೆ ಹಿಡಿದು, ಎಲ್ಲಿಗೆಂದಿಲ್ಲದೆ ಹೊರಟರು. ಮೊದಲ ಮೈಲಿ ದಾಟಿದ ಮೇಲೆ ಡೆಲ್ಮರ್ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಸುರಂಗದಲ್ಲಿ ಮುಂದೆ ಹೋಗುತ್ತಿದ್ದ ಕುದುರೆಯ ವಿಷಯ ತೆಗೆದ. ಅಲ್ಲಿಂದ ಟ್ರುಡಿಗೆ ಹೋದ, ಅಲ್ಲಿಂದ ನೆವಾಡಾದಲ್ಲಿ ಗಾಳಿಗೆ ಹಾರಿಹೋದ ತನ್ನ ಟೋಪಿಗೆ, ಅಲ್ಲಿಂದ ಅವಳನ್ನು ಮೊದಲು ಕಂಡ ದಿನಕ್ಕೆ. ನಡೀನ್ ರೇಡಿಯೊವನ್ನು ಆಫ್ ಮಾಡಿದಳು. ಹೊಲಗಳು ಮುಗಿದು ಪಕ್ಕದ ಊರು ಬಂತು, ಅದೂ ಹೋಯಿತು.

"ಹಿಂದಕ್ಕೆ ತಿರುಗಿಸಲ್ವಾ?" ಎಂದು ನಡುವೆ ಅವನು ಕೇಳಿದ.

"ಪೆಟ್ರೋಲ್ ಇದೆ," ಅಂದಳು ನಡೀನ್. "ನೀನು ಹೇಳು."