ಮೂಲೆ ಮನೆಯ ಕರ

ಕಂಡಕ್ಟರಮ್ಮನಿಗೆ ಸುಮ್ಮನಿರುವುದೊಂದು ಬಿಟ್ಟು ಮಿಕ್ಕ ಕೆಲಸವೆಲ್ಲ ಬರುತ್ತಿತ್ತು. ಸಿಟಿ ಬಸ್ಸಿನಲ್ಲಿ ಟಿಕೆಟ್ ಹರಿದು, “ಒಳಗೆ ಹೋಗಿ, ಒಳಗೆ ಹೋಗಿ” ಎಂದು ಕೂಗಿ ಕೂಗಿ ನಿವೃತ್ತಳಾದವಳು. ಬಸ್ಸು ಹೋದ ಮೇಲೆ ಕೈಗೆ ಸಿಕ್ಕಿದ್ದು ನಗರಸಭೆ. ನೀರಿನ ಕರ ಏರಿತೇ, ಬೀದಿ ದೀಪ ಕೆಟ್ಟಿತೇ, ಕಸದ ಗಾಡಿ ಬರಲಿಲ್ಲವೇ, ಅವಳ ಅಭಿಪ್ರಾಯ ಬಿಸಿಬಿಸಿಯಾಗಿ ತಯಾರು. ಯಾರೂ ಕೇಳದಿದ್ದರೆ ತಾನೇ ಅವರ ಗೇಟಿನವರೆಗೆ ಹೋಗಿ ಕೇಳಿಸಿ ಬರುತ್ತಿದ್ದಳು.

“ದುಡ್ಡು ಇಸ್ಕೊಳ್ಳೋವಾಗ ನಾವು ಸನ್ಮಾನ್ಯ ನಾಗರಿಕರು. ಚರಂಡಿ ಕಟ್ಕೊಂಡಾಗ ‘ನಾಳೆ ಬಾರಮ್ಮ’! ಇದ್ಯಾವ ಸೀಮೆ ನ್ಯಾಯ ರೀ?”

ವಾರ್ಡ್ ಸಭೆಯಲ್ಲಂತೂ ಇದೊಂದು ಪದ್ಧತಿಯೇ ಆಗಿಬಿಟ್ಟಿತ್ತು. ಅಧ್ಯಕ್ಷರು ಯಾವ ವಿಷಯವನ್ನೇ ಎತ್ತಲಿ, ಮೊದಲು ಕಂಡಕ್ಟರಮ್ಮ ಎದ್ದು ಚೆನ್ನಾಗಿ ಉಗಿಯಬೇಕು. ಉಳಿದವರ ಬಾಯಿ ಬಿಚ್ಚುವುದು ಆಮೇಲೆಯೇ. ಅವಳು ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿಸಿದಳೆಂದರೆ ಜನರಿಗೂ ಒಂದು ಧೈರ್ಯ.

ಹೀಗಿರುವಾಗ ಕಳೆದ ಚುನಾವಣೆಯಲ್ಲಿ ವಾರ್ಡಿನ ಸದಸ್ಯೆಯಾಗಿ ಗೆದ್ದು ಬಂದವಳು ಯಾರು ಅಂತೀರಿ? ಅವಳ ಸ್ವಂತ ಸೊಸೆ! ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮೆತ್ತನೆ ಮಾತಿನ ಹುಡುಗಿ. ಅವಳಿಗಾಗಿ ಚಪ್ಪಲಿ ಸವೆಸಿಕೊಂಡು ವೋಟು ಕೇಳಿದವಳೂ ಕಂಡಕ್ಟರಮ್ಮನೇ, ಗೆದ್ದ ಮಾರನೇ ದಿನದಿಂದ ಬೈಯಲು ಶುರು ಮಾಡಿದವಳೂ ಕಂಡಕ್ಟರಮ್ಮನೇ. “ಸೊಸೆ ಮನೇಲಿ. ಸಭೇಲಿ ಅವಳು ಸರ್ಕಾರ” ಎಂದು ಸಮಜಾಯಿಷಿ ಬೇರೆ.

ಈಗ ಸೊಸೆ ಒಂದು ಹೊಸ ಕರ ತಂದಿದ್ದಳು. ಬಡಾವಣೆಯ ಫುಟ್‌ಪಾತ್ ಕಲ್ಲು ಎದ್ದು ಗುಂಡಿ ಬಿದ್ದು ಹಾಳಾಗಿತ್ತು. ಅಂಚೆ ಹಂಚುವ ಹುಡುಗಿ ಅಲ್ಲೇ ಬಿದ್ದು ಕಾಲು ಮುರಿದುಕೊಂಡಿದ್ದಳು. ಫುಟ್‌ಪಾತ್ ಮಾಡಿಸುತ್ತೇನೆಂದೇ ಸೊಸೆ ಗೆದ್ದದ್ದು, ಆದರೆ ನಗರಸಭೆ ಅರ್ಧ ಖರ್ಚು ಮಾತ್ರ ಕೊಡುತ್ತೇನೆಂದು ಕೈ ತೊಳೆದುಕೊಂಡಿತ್ತು. ಉಳಿದರ್ಧಕ್ಕೆ ಪ್ರತಿ ಮನೆಯೂ ಬೀದಿಗಿರುವ ತನ್ನ ಮುಂಭಾಗದ ಅಗಲಕ್ಕೆ ತಕ್ಕಂತೆ ಒಂದು ಸಲ ಕರ ಕಟ್ಟಬೇಕು. ಸಭೆ ಕೈ ಎತ್ತಿ ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಭೆಯ ದಿನ ಮಧ್ಯಾಹ್ನ ಕಂಡಕ್ಟರಮ್ಮ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಾಗ ಮಗ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತ. ಫ್ರಿಜ್ ರಿಪೇರಿ ಮಾಡುವವನು, ಎರಡು ಹೆಂಗಸರ ನಡುವೆ ತಣ್ಣಗಿರುವುದನ್ನು ಚೆನ್ನಾಗಿ ಕಲಿತಿದ್ದ.

“ಅಮ್ಮಾ, ಇವತ್ತೊಂದು ದಿನ ಬಾಯಿ ಬಿಡಬೇಡಮ್ಮ. ಇದೇನಾದ್ರೂ ಬಿದ್ದುಹೋದ್ರೆ ಅವಳು ರಾಜೀನಾಮೆ ಕೊಡ್ತಾಳಂತೆ. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ.”

“ಮೂಲೆ ಮನೆ ಕಣೋ ನಮ್ಮದು! ಎರಡು ಬೀದಿಗೂ ಮುಖ. ಎರಡು ಕಡೆಯೂ ಕಟ್ಟಬೇಕು. ಇದನ್ನ ಕೇಳಬಾರದಾ ನಾನು?”

“ನನಗೋಸ್ಕರ.”

ಕಂಡಕ್ಟರಮ್ಮ ಮಗನ ಮುಖ ನೋಡಿದಳು, ಬಟಾಣಿ ನೋಡಿದಳು. ಸೊಸೆಯ ಮೇಲೆ ಅವಳಿಗೆ ಪ್ರಾಣ, ಅದು ಊರಿಗೆಲ್ಲ ಗೊತ್ತಿತ್ತು, ಸೊಸೆಗೊಬ್ಬಳಿಗೆ ಹೇಳಿರಲಿಲ್ಲ. “ಹಾಳಾಗಿ ಹೋಗು, ಆಯ್ತು” ಎಂದಳು.

ಸಂಜೆ ಸಭಾಭವನದ ಮಡಚುವ ಕುರ್ಚಿಗಳೆಲ್ಲ ತುಂಬಿದ್ದವು. ಸೊಸೆ ಎದ್ದು ಕರದ ವಿವರವನ್ನೆಲ್ಲ ಹೇಳಿ ಮುಗಿಸಿದಳು. ಅಧ್ಯಕ್ಷರು ಅಭ್ಯಾಸಬಲದಿಂದ ಎರಡನೇ ಸಾಲಿನ ಕಡೆ ತಿರುಗಿದರು. ಸಭೆಗೆ ಸಭೆಯೇ ತಿರುಗಿತು. ಕಂಡಕ್ಟರಮ್ಮ ತುಟಿ ಬಿಗಿದು ಫ್ಯಾನು ನೋಡುತ್ತ ಕೂತಿದ್ದಳು. ನಾಲಿಗೆ ತುದಿಗೆ ಬಂದದ್ದನ್ನೆಲ್ಲ ನುಂಗಿ ನುಂಗಿ ಹೊಟ್ಟೆ ಉಬ್ಬರಿಸಿದಂತಾಗಿತ್ತು.

“ಏನಮ್ಮಾ, ಏನೂ ಇಲ್ವಾ?” ಎಂದರು ಅಧ್ಯಕ್ಷರು.

ಅವಳು ತಲೆಯಾಡಿಸಿದಳು, ಇಲ್ಲ.

ಗುಸುಗುಸು ಶುರುವಾಯಿತು. ಹಿಂದಿನ ಸಾಲಿನಿಂದ ಬೇಕರಿಯವನು ಎದ್ದ. “ಸ್ವಾಮಿ, ನನಗೊಂದು ಅನುಮಾನ. ಕಸದ ಡಬ್ಬದ ಬಣ್ಣ ಬದಲಾಯಿಸಿದ್ರೂ ಎದ್ದು ನಿಲ್ಲೋ ಅಮ್ಮಾವ್ರು ಇವತ್ತು ತುಟಿಪಿಟಕ್ ಅಂತಿಲ್ಲ. ಅದೂ ಮೂಲೆ ಮನೆಯವರು! ಅವರ ಮನೆಗೆ ಒಳಗೊಳಗೇ ಮಾಫಿ ಆಗಿರಬೇಕು.”

“ಯಾವ ಮಾಫಿಯೂ ಇಲ್ಲ, ಎಲ್ಲರಿಗೂ ಒಂದೇ ಲೆಕ್ಕ” ಎಂದಳು ಸೊಸೆ.

“ನೀವು ಹಾಗೇ ಹೇಳ್ತೀರಿ ಬಿಡಿ. ಅತ್ತೆ ಸೊಸೆ ಮನೇಲೇ ಮಾತಾಡ್ಕೊಂಡು ಬಂದಿದ್ದೀರಿ!”

“ಹೌದ್ಹೌದು! ಇದರಲ್ಲೇನೋ ಇದೆ” ಎಂದು ಅಲ್ಲಲ್ಲಿ ದನಿ ಎದ್ದಿತು. ಕೆಲವರು ಕುರ್ಚಿ ಮಡಚಿ ಹೊರಡುವ ಹವಣಿಕೆಯಲ್ಲಿದ್ದರು. ಸೊಸೆಯ ಮುಖ ಬಿಳುಚಿಕೊಂಡಿತು.

ಅಯ್ಯೋ ನನ್ನ ಕರ್ಮವೇ, ಎಂದುಕೊಂಡಳು ಕಂಡಕ್ಟರಮ್ಮ. ಮಾತಾಡಿ ಕೆಡಿಸಿದ್ದು ಬೇಕಾದಷ್ಟಿತ್ತು, ಸುಮ್ಮನಿದ್ದು ಕೆಡಿಸಿದ್ದು ಇದೇ ಮೊದಲು. ಸೊಸೆಯ ಕಣ್ಣು ನೇರ ಅವಳ ಮೇಲೇ ನೆಟ್ಟಿತ್ತು. ಒಂದು ಮಾತು ಬೈಯಿರಿ ಅತ್ತೆ, ಎಂದು ಅಂಗಲಾಚುವ ಕಣ್ಣು. ಪಕ್ಕದಲ್ಲಿದ್ದ ಮಗ ಅಮ್ಮನ ಸೆರಗು ಹಿಡಿದು ಕೂರಿಸುವಷ್ಟರಲ್ಲಿ ಅವಳು ಎದ್ದಾಗಿತ್ತು.

“ಏನ್ ತಾಯಿ, ಸದಸ್ಯೆ! ಮೂಲೇಲಿ ಮನೆ ಕಟ್ಟಿದ್ದೇ ಅಪರಾಧವಾ? ಎರಡು ಕಡೆಯೂ ಕಟ್ಟಬೇಕಂತೆ, ಎರಡು ಕಡೆ! ನಾನೇನು ಒಂದು ಕಾಲು ಆ ಬೀದೀಲಿ, ಇನ್ನೊಂದು ಕಾಲು ಈ ಬೀದೀಲಿ ಇಟ್ಕೊಂಡು ನಡೀತೀನಾ?”

ಸಭೆ ಗೊಳ್ಳೆಂದಿತು. ಹೊರಡಲಿದ್ದವರು ಕುರ್ಚಿ ಬಿಚ್ಚಿ ಮತ್ತೆ ಕೂತರು.

“ನಡೀಬೇಡಿ ಅತ್ತೆ” ಎಂದಳು ಸೊಸೆ. ಅವಳಿಗೆ ಹೋದ ಜೀವ ಬಂದಂತಾಗಿತ್ತು. “ಆದ್ರೆ ಎರಡು ಕಡೆಯೂ ಕಲ್ಲು ಹಾಸ್ತಾರೆ. ಹಾಸಿದ ಮೇಲೆ ಕಟ್ಟಲೇಬೇಕು. ಮೊದಲು ಕರ ಕಟ್ಟೋದೇ ನಮ್ಮ ಮನೆಯವರು.”

“ಯಾರ ದುಡ್ಡಲ್ಲೇ ಕಟ್ತೀಯ?”

“ನಿಮ್ಮ ಮಗನ ದುಡ್ಡಲ್ಲಿ!”

“ಮುದುಕರಿಗೆ ಕಂತು ಕೊಡ್ತೀಯೋ, ಒಟ್ಟಿಗೇ ಕುತ್ತಿಗೆ ಹಿಸುಕ್ತೀಯೋ?”

“ಕಂತು ಕೊಡ್ತೀನಿ. ಬರೆದೇ ಕೊಡ್ತೀನಿ.”

“ಗುತ್ತಿಗೆ ಯಾರಿಗೆ? ನಿನ್ನ ಅಣ್ಣನಿಗಾ?”

“ನನಗೆ ಅಣ್ಣನೇ ಇಲ್ವಲ್ಲ ಅತ್ತೆ!”

“ಅದು ನನಗೆ ಗೊತ್ತು, ಇವರಿಗೆ ಗೊತ್ತಾಗಬೇಕಲ್ಲ!”

ಅಲ್ಲಿಂದ ಮುಂದೆ ಕಟ್ಟೆ ಒಡೆದಂತೆ ಒಬ್ಬರಾದ ಮೇಲೊಬ್ಬರು ಕೇಳತೊಡಗಿದರು. ಬೇಕರಿಯವನೂ ಕಲ್ಲು ಎಷ್ಟು ದಪ್ಪ ಎಂದು ವಿಚಾರಿಸಿದ. ಕೇಳಿ ಕೇಳಿ ಜನ ದಣಿದ ಮೇಲೆ ಅಧ್ಯಕ್ಷರು, “ಒಪ್ಪಿಗೆ ಇರೋರು ಕೈ ಎತ್ತಿ” ಎಂದರು. ಭವನದ ತುಂಬ ಕೈ. ಮಗನಂತೂ ಎರಡೂ ಕೈ ಎತ್ತಿದ್ದ.

“ವಿರೋಧ ಇರೋರು?”

ಕಂಡಕ್ಟರಮ್ಮನ ಕೈ ಒಂದೇ ಮೇಲೆ ಹೋಯಿತು. ಸೊಸೆ ಗೆಲ್ಲಬೇಕು ಎನ್ನುವುದು ನಿಜ, ಎರಡು ಕಡೆ ಕರ ಅನ್ಯಾಯ ಎನ್ನುವುದೂ ಅಷ್ಟೇ ನಿಜ. ಮಗ ತಲೆ ಚಚ್ಚಿಕೊಂಡ.

ಅಧ್ಯಕ್ಷರು ನಕ್ಕರು. “ಅಮ್ಮಾವ್ರದು ತಮಾಷೆ. ಮನೆಯವರೇ ಅಲ್ವೇ, ಸರ್ವಾನುಮತ ಅಂತ ಬರ್ಕೊಂಡ್ಬಿಡೋಣ.”

“ಬೇಡ ಸರ್” ಎಂದಳು ಸೊಸೆ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದನ್ನು ಆ ಸಭೆ ಕೇಳಿಯೇ ಇರಲಿಲ್ಲ. “ವಿರೋಧ ಒಂದು ಅಂತಾನೇ ಬರೀರಿ. ಯಾರದು ಅಂತಾನೂ ಬರೀರಿ. ನಮ್ಮತ್ತೇದು.”

ಆ ‘ನಮ್ಮತ್ತೇದು’ ಎನ್ನುವಾಗ ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ಕಂಡು ಕಂಡಕ್ಟರಮ್ಮನ ಕಣ್ಣು ತುಂಬಿ ಬಂತು. ಎತ್ತಿದ ಕೈಯನ್ನು ಇಳಿಸದೆ, ಇನ್ನೊಂದು ಕೈಯಲ್ಲಿ ಸೆರಗೆಳೆದು ಕಣ್ಣೊರೆಸಿಕೊಂಡು ಅಧ್ಯಕ್ಷರ ಕಡೆ ತಿರುಗಿದಳು.

“ಏನು ನೋಡ್ತಿದ್ದೀರಿ? ಅವಳು ಹೇಳಿದ್ದು ಕೇಳಿಸಲಿಲ್ವಾ? ಬರ್ಕೊಳ್ಳಿ!”