ಸ್ವೆಟರಿನೊಳಗಿನ ತಂತಿ

ಆ ಕಂದು ಬಣ್ಣದ ಸ್ವೆಟರು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಮೊಣಕೈ ಸವೆದಿತ್ತು, ಕುತ್ತಿಗೆ ಸಡಿಲವಾಗಿತ್ತು. ಆದರೂ ವಡೋದರದ ಗೋರ್ವಾದಲ್ಲಿದ್ದ ಆ ಎರಡು ಕೋಣೆಯ ಮನೆಯಲ್ಲಿ ತನಗಿಂತ ಗಟ್ಟಿಯಾಗಿ ಬೇರು ಬಿಟ್ಟಿರುವುದು ಅದೇ ಎಂದು ಜಯಾಳಿಗೆ ಅನ್ನಿಸುತ್ತಿತ್ತು. ಅದನ್ನು ಹೆಣೆದವಳು ಪದ್ಮಾವತಿ, ಜಯಾಳ ಗಂಡ ಗಿರಿಧರನ ಮೊದಲ ಹೆಂಡತಿ. ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಜಯಾ ಈ ಮನೆಗೆ ಬಂದು ಒಂದು ವರ್ಷ.

ಪದ್ಮಾವತಿಯ ಫೋಟೋ ದೇವರ ಗೂಡಿನ ಪಕ್ಕದ ಗೋಡೆಯಲ್ಲಿತ್ತು. ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಅದಕ್ಕೂ ಒಂದು ಹೂವನ್ನು ಜಯಾಳೇ ಇಡುತ್ತಿದ್ದಳು. ಫೋಟೋ ಕಂಡರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಅದು ಗೋಡೆಯ ಮೇಲಿತ್ತು. ಸ್ವೆಟರು ಇದ್ದದ್ದು ಗಂಡನ ಎದೆಯ ಮೇಲೆ.

ಗಿರಿಧರ ವಿಮಾ ಕಚೇರಿಯವನು. ಕಾರ್ಖಾನೆಗಳಲ್ಲಿ ಬೆಂಕಿ ಬಿದ್ದರೆ, ಯಂತ್ರ ಕೆಟ್ಟರೆ ಹೋಗಿ ನೋಡಿ ಬರುವ ಕೆಲಸ. ಭರೂಚ್ ದಾಟಿ ಸೂರತ್ತಿನ ಹೊರವಲಯದ ಸಚಿನ್ ಎಂಬ ಕಾರ್ಖಾನೆಗಳ ಊರಿನವರೆಗೂ ಅವನ ಓಡಾಟ, ಅದೂ ಮೋಟಾರ್ ಸೈಕಲ್ಲಿನಲ್ಲಿ. ರೈಲಿನಲ್ಲಿ ಹೋಗಿ ಎಂದು ಜಯಾ ಎಷ್ಟೋ ಸಲ ಹೇಳಿದ್ದಳು.

"ರೈಲು ಸೂರತ್ತಿಗೆ ಬಿಡುತ್ತೆ ಕಣೇ, ಕಾರ್ಖಾನೆ ಗೇಟಿಗೆ ಬಿಡುತ್ತಾ?" ಎನ್ನುತ್ತಿದ್ದ.

ಹಿಂದಿನ ಚಳಿಗಾಲದಲ್ಲಿ ಮುಂಜಾವಿನ ಗಾಳಿ ಕುಡಿದು ಕುಡಿದು ಅವನ ಎದೆ ಕಟ್ಟಿ, ಆಸ್ಪತ್ರೆಯಲ್ಲಿ ಮಲಗಿಸಬೇಕಾಗಿ ಬಂದಿತ್ತು. ಇನ್ನೊಂದು ಸಲ ಹೀಗಾದರೆ ಶ್ವಾಸಕೋಶ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮನೆಗೆ ಬಂದ ಮೇಲೆ ಮಹಡಿಯ ಕಮಲಾಕ್ಷಮ್ಮ ಇಳಿದು ಬಂದರು. ಮಂಡ್ಯದ ಕಡೆಯ ಮುದುಕಿ, ಮಗ ಬ್ಯಾಂಕಿನಲ್ಲಿದ್ದ. ಪದ್ಮಾವತಿಯನ್ನು ಕೊನೆಯ ದಿನದವರೆಗೆ ನೋಡಿಕೊಂಡವರು ಅವರೇ.

"ಪದ್ಮ ಹೆಣೆದ ಸ್ವೆಟರ್ ಇತ್ತು, ಉಳಿದುಕೊಂಡೆ ಕಣೋ ಗಿರಿ. ಆಸ್ಪತ್ರೆ ಮಂಚದ ಮೇಲೆ ಕೂತು ಹೆಣೆದಳು ಮಹಾತಾಯಿ. ಈಗಿನವರಿಗೆ ಗುಂಡಿ ಹೊಲಿಯೋಕೂ ದರ್ಜಿ ಬೇಕು."

ಜಯಾ ಕಾಫಿ ಲೋಟವನ್ನು ಅವರ ಮುಂದೆ ಸ್ವಲ್ಪ ಸದ್ದು ಮಾಡಿಯೇ ಇಟ್ಟಳು.

ಅವಳಿಗೆ ಹೆಣಿಗೆ ಬರುತ್ತಿರಲಿಲ್ಲ ನಿಜ. ಆದರೆ ಮದುವೆಗೆ ಮುಂಚೆ ಅಹಮದಾಬಾದಿನಲ್ಲಿ ಅಣ್ಣ ಹಯವದನನ ಮನೆಯಲ್ಲಿದ್ದುಕೊಂಡು ಒಂದು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಹತ್ತು ವರ್ಷ ಕೆಲಸ ಮಾಡಿದ್ದಳು. ಚಳಿ ದೇಶಗಳ ಸವಾರರು ಮೋಟಾರ್ ಸೈಕಲ್ಲಿನಿಂದಲೇ ಕರೆಂಟು ತೆಗೆದುಕೊಂಡು ಅಂಗಿ ಬಿಸಿ ಮಾಡಿಕೊಳ್ಳುತ್ತಾರೆಂದು ಅಣ್ಣ ತಂದುಕೊಟ್ಟ ಯಾವುದೋ ಹಳೆಯ ಪತ್ರಿಕೆಯಲ್ಲಿ ಓದಿದ್ದು ಅವಳ ತಲೆಯಲ್ಲಿ ಉಳಿದಿತ್ತು. ಮುಂದಿನ ಚಳಿಗಾಲ ಬರುವ ಹೊತ್ತಿಗೆ ಅಣ್ಣನ ಕೈಲಿ ಅಹಮದಾಬಾದಿನ ರಿಲೀಫ್ ರೋಡಿನ ಅಂಗಡಿಯಿಂದ, ಕರೆಂಟು ಹರಿದರೆ ಬಿಸಿಯಾಗುವ ತಂತಿ ತರಿಸಿಕೊಂಡಳು. ಎರಡು ಪದರ ಫ್ಲಾನೆಲ್ ಬಟ್ಟೆಯ ನಡುವೆ ಅದನ್ನು ಹಾವಿನಂತೆ ಹರಿಸಿ ತೋಳಿಲ್ಲದ ಒಂದು ಅಂಗಿ ಹೊಲಿದಳು. ಬ್ಯಾಟರಿಯಿಂದ ಒಂದು ಫ್ಯೂಸು, ಒಂದು ಸ್ವಿಚ್ಚು, ಸೀಟಿನ ಪಕ್ಕಕ್ಕೆ ಒಂದು ಪ್ಲಗ್ಗು.

ಹೊಲಿಯುವ ಮುಂಚೆ ಲೆಕ್ಕ ಹಾಕಿದ್ದಳು. ಎಂಜಿನ್ನು ತಿರುಗಿದಾಗ ಹುಟ್ಟುವ ಕರೆಂಟಿನಲ್ಲಿ ಮುಂದಿನ ದೀಪ, ಹಿಂದಿನ ದೀಪ, ಎಂಜಿನ್ನಿನ ಕಿಡಿ ಎಲ್ಲಕ್ಕೂ ಕೊಟ್ಟು ಮಿಗುವುದು ಬಹಳ ಕಡಿಮೆ. ಅದರಲ್ಲಿ ಒಂದು ಸುರುಳಿ ತಂತಿಯನ್ನಷ್ಟೇ ಬಿಸಿಯಾಗಿಡಬಹುದು. ಒಂದೇ ಸುರುಳಿ ಹಾಕಿದಳು.

ಗಿರಿಧರ ಮೊದಲ ದಿನ ಹಾಕಿಕೊಂಡು ಹೋಗಿ ಬಂದವನು ಮಕ್ಕಳಂತೆ ಕುಣಿದ. "ಏನ್ ಮಜಾ ಗೊತ್ತಾ! ಎದೆ ಮೇಲೆ ಬಿಸಿ ರೊಟ್ಟಿ ಇಟ್ಟುಕೊಂಡ ಹಾಗೆ. ಒಂದೇ ತೊಂದರೆ, ಪ್ಲಗ್ ಕೀಳೋದು ಮರೆತು ಇಳಿದುಬಿಟ್ಟೆ. ಕಟ್ಟಿದ ಕರು ಎಳೆದ ಹಾಗೆ ಎಳೀತು. ಗೇಟಿನ ವಾಚ್‌ಮನ್ ನಕ್ಕುಬಿಟ್ಟ."

ಜಯಾಳೂ ನಕ್ಕಳು. ಅಷ್ಟರಲ್ಲಿ ಅವನು ಮೇಲಿನ ಜಾಕೆಟ್ಟು ಬಿಚ್ಚಿದ. ಫ್ಲಾನೆಲ್ ಅಂಗಿಯ ಮೇಲೆ ಕಂದು ಸ್ವೆಟರು.

"ಇದನ್ನು ಯಾಕೆ ಹಾಕ್ಕೊಂಡ್ರಿ?"

"ಬಿಸಿ ಹೊರಗೆ ಹೋಗದ ಹಾಗೆ ಹಿಡಿಯುತ್ತೆ ಕಣೇ. ಎರಡೂ ಸೇರಿದ್ರೆ ಚಳಿ ಹತ್ತಿರ ಬರಲ್ಲ."

ಅವನು ಹೇಳಿದ್ದು ಸರಿ. ಉಣ್ಣೆ ಶಾಖವನ್ನು ಹಿಡಿದಿಡುತ್ತದೆಂದು ಹತ್ತು ವರ್ಷ ಕಾಲೇಜಿನ ಹುಡುಗಿಯರಿಗೆ ಪ್ರಯೋಗ ಮಾಡಿಸಿದವಳು ಅವಳೇ. ಆದರೆ ಆ ರಾತ್ರಿ ಅವಳಿಗೆ ಅನ್ನ ಸೇರಲಿಲ್ಲ. ತಾನು ಬೆರಳು ಚುಚ್ಚಿಸಿಕೊಂಡು ಮಾಡಿದ ಅಂಗಿ ಸತ್ತವಳ ಸ್ವೆಟರಿಗೆ ಒಳ ಅಂಗಿಯಾಯಿತಲ್ಲ ಎಂದು ಒಳಗೇ ಕುದಿದಳು. ತಪ್ಪು ಎಂದು ಗೊತ್ತಿತ್ತು. ದೇವರ ಮುಂದೆ ಕೂತು ಸಹಸ್ರನಾಮ ಹೇಳುವಾಗಲೂ ಕಣ್ಣು ಮಾತ್ರ ಬಾಗಿಲ ಹಿಂದಿನ ಮೊಳೆಗೆ ಹೋಗುತ್ತಿತ್ತು. ದೇವರು ನೋಡುತ್ತಿದ್ದಾನೆಂಬ ನಾಚಿಕೆಯೂ ಆಗುತ್ತಿತ್ತು.

ಎರಡು ದಿನ ಬಿಟ್ಟು ಹೊಲಿಗೆ ಬಿಚ್ಚಿ, ಒಂದರ ಪಕ್ಕಕ್ಕೆ ಇನ್ನೊಂದು ಸುರುಳಿ ಸೇರಿಸಿದಳು. ಈಗ ಅಂಗಿ ಎರಡರಷ್ಟು ಕಾಯುತ್ತಿತ್ತು. ಬ್ಯಾಟರಿಯನ್ನೂ ಅಷ್ಟೇ ಹೀರುತ್ತಿತ್ತು. ತಾನೇ ಹಾಕಿದ ಲೆಕ್ಕ ಅವಳಿಗೆ ಮರೆತಿರಲಿಲ್ಲ. ವೇಗವಾಗಿ ಹೋದರೆ ಹೇಗೋ ನಡೆಯುತ್ತದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು.

"ಇನ್ನು ಮೇಲೆ ಸ್ವೆಟರ್ ಬೇಕಾಗಿಲ್ಲ. ಎರಡರಷ್ಟು ಬಿಸಿ ಮಾಡಿದೀನಿ," ಎಂದಳು.

"ಹೌದಾ? ಭೇಷ್. ಆದರೂ ಸೀಟಿನ ಪಕ್ಕದ ಡಬ್ಬಿಯಲ್ಲಿ ಅದೊಂದು ಇರಲಿ ಬಿಡು."

ಅದೇ ವಾರ ಪಕ್ಕದ ಬೀದಿಯ ಪಟ್ಟಾಭಿರಾಮಯ್ಯ ತೀರಿಕೊಂಡರು. ರೈಲ್ವೆಯಿಂದ ನಿವೃತ್ತರಾಗಿ ಇಲ್ಲೇ ಉಳಿದವರು. ಇಂಥ ಸಮಯದಲ್ಲಿ ಹೆಗಲು ಕೊಡಲು ಗೋರ್ವಾದಲ್ಲಿ ಕನ್ನಡದವರು ಹುಡುಕಿದರೂ ಸಿಗುವುದು ಕಡಿಮೆ. ಗಿರಿಧರ ಹೋದ. ಸಂಜೆ ಚಳಿಯಿತ್ತು, ಸ್ವೆಟರು ಹಾಕಿಕೊಂಡೇ ಹೋದ. ಮರಳಿದವನು ಹಿತ್ತಲಲ್ಲಿ ನಿಂತು ತಲೆಯ ಮೇಲೆ ನೀರು ಸುರಿದುಕೊಂಡ. ಉಟ್ಟ ಬಟ್ಟೆಯನ್ನೆಲ್ಲ ಬಕೆಟ್ಟಿಗೆ ಹಾಕಿದ. ಸ್ವೆಟರನ್ನು ಮಾತ್ರ ಕಲ್ಲಿನ ಮೇಲೆ ಬೇರೆ ಇಟ್ಟಿದ್ದ.

"ಅದಕ್ಕೆ ನಾಲ್ಕು ಹನಿ ನೀರು ಚಿಮುಕಿಸಿಬಿಡು ಜಯಾ. ಉಣ್ಣೆಗೆ ಅಷ್ಟು ಸಾಕು."

"ನಮ್ಮ ಮನೇಲಿ ಎಲ್ಲಾನೂ ನೆನೆಸ್ತಿದ್ರು," ಎಂದಳು ಜಯಾ.

ಅದು ಸುಳ್ಳು. ಅವಳ ಅಜ್ಜಿ ಉಣ್ಣೆಯ ಧಾಬಳಿ ಉಟ್ಟೇ ಮಡಿ ಅಡಿಗೆ ಮಾಡುತ್ತಿದ್ದವಳು. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲವೆಂದು ಮೊಮ್ಮಕ್ಕಳಿಗೆ ಹೇಳಿಕೊಟ್ಟವಳೂ ಅವಳೇ. ಗಿರಿಧರ ಚಳಿಗೆ ನಡುಗುತ್ತ ಒಳಗೆ ಹೋದ. ಜಯಾ ಸ್ವೆಟರನ್ನು ಎರಡು ಬೆರಳಲ್ಲಿ ಎತ್ತಿ ಬಕೆಟ್ಟಿನಲ್ಲಿ ಮುಳುಗಿಸಿದಳು. ಗಾಳಿಗುಳ್ಳೆ ಮೇಲೆ ಬಂದವು. ಕೈಯಿಂದ ಒತ್ತಿ ಹಿಡಿದಳು.

ಬೆಳಿಗ್ಗೆ ಅದು ಹಗ್ಗದ ಮೇಲೆ ನೀರು ಸೋರಿಸುತ್ತ ಜೋತುಬಿದ್ದಿತ್ತು. ಸಚಿನ್ನಿನ ಒಂದು ಬಣ್ಣದ ಕಾರ್ಖಾನೆಯಿಂದ ಕರೆ ಬಂದಿತ್ತು. ಗಿರಿಧರ ಒದ್ದೆ ಸ್ವೆಟರನ್ನು ಮುಟ್ಟಿ ನೋಡಿ, ಜಯಾ ಮಾಡಿದ ಅಂಗಿಯ ಮೇಲೆ ಜಾಕೆಟ್ಟೊಂದನ್ನೇ ತೊಟ್ಟು ಹೊರಟ. ಜಯಾ ತಾನೇ ಪ್ಲಗ್ಗು ಸಿಕ್ಕಿಸಿದಳು. ಬೀದಿಯ ತುಂಬ ಮಂಜು ಮುಸುಕಿತ್ತು. ಅವನ ಹಿಂದಿನ ದೀಪ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಗೆದ್ದವಳಂತೆ ನಿಂತಿದ್ದಳು.

ಮಹಡಿಯಿಂದ ಕಮಲಾಕ್ಷಮ್ಮ ಬಗ್ಗಿ ನೋಡಿದರು. "ಅಯ್ಯೋ, ಪದ್ಮನ ಸ್ವೆಟರ್ ಯಾಕಮ್ಮ ನೆನೆಸಿದೆ? ಉಣ್ಣೆಗೆ ನೀರು ಚಿಮುಕಿಸಿದ್ರೆ ಆಗ್ತಿತ್ತಲ್ಲ. ನಿಮ್ಮ ಕಡೆ ಈ ಶಾಸ್ತ್ರ ಇಲ್ಲವೇನು?"

"ಇದೆ," ಎಂದಳು ಜಯಾ. ಬಾಯಿಗೆ ಬಂದಮೇಲೆ ನುಂಗಲಾಗಲಿಲ್ಲ. ಮುದುಕಿ ಅವಳನ್ನು ಒಂದು ಕ್ಷಣ ನೋಡಿ ಒಳಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಗಿರಿಧರ ಸಂಜೆ ಟೆಂಪೋದಲ್ಲಿ ಬಂದ, ಮೋಟಾರ್ ಸೈಕಲ್ಲನ್ನು ಹಿಂದೆ ಹಾಕಿಸಿಕೊಂಡು. ಇಳಿಯುವಾಗಲೇ ಕೆಮ್ಮುತ್ತಿದ್ದ. ಹಣೆ ಮುಟ್ಟಿದರೆ ಕಾವಲಿ.

ನಡೆದದ್ದು ಇಷ್ಟು. ಭರೂಚಿನ ನರ್ಮದಾ ಸೇತುವೆಯ ಬಳಿ ಮಂಜಿನಲ್ಲಿ ಲಾರಿಗಳ ಸಾಲು ನಿಂತುಬಿಟ್ಟಿತ್ತು. ಹೆಜ್ಜೆ ಹೆಜ್ಜೆಗೆ ನಿಂತು ಸಾಗುವಾಗ ಎಂಜಿನ್ನು ಕೊಡುವ ಕರೆಂಟು ಕಡಿಮೆ, ದೀಪ ಆರಿಸುವಂತಿಲ್ಲ, ಎದೆಯ ಮೇಲಿನ ತಂತಿ ಬ್ಯಾಟರಿಯನ್ನು ಹೀರುತ್ತಲೇ ಇತ್ತು. ದೀಪ ಹಳದಿಯಾಯಿತು, ಹಾರನ್ನು ಕೀಚಲಾಯಿತು, ಸೇತುವೆಯ ನಡುವೆ ಎಂಜಿನ್ನೇ ನಿಂತಿತು. ನದಿಯ ಗಾಳಿಯಲ್ಲಿ ಆ ಭಾರದ ಗಾಡಿಯನ್ನು ಆಚೆ ದಡದವರೆಗೆ ತಳ್ಳಿದ. ಮೈಯೆಲ್ಲ ಬೆವರು. ಬೆವರಿಗೆ ಒದ್ದೆಯಾದ ಫ್ಲಾನೆಲ್ಲು ತಣ್ಣಗೆ ಎದೆಗೆ ಅಂಟಿಕೊಂಡಿತ್ತು. ಅಭ್ಯಾಸಬಲದಿಂದ ಡಬ್ಬಿ ತೆರೆದು ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಬ್ಯಾಟರಿ ಹಳೇದಾಯ್ತು ಕಣೇ, ಬದಲಾಯಿಸಬೇಕಾಗಿತ್ತು," ಎಂದ ಕೆಮ್ಮಿನ ನಡುವೆ.

ಡಾಕ್ಟರು ಬಂದು ಸೂಜಿ ಚುಚ್ಚಿ, ಎರಡು ದಿನ ನೋಡೋಣ, ಇಳಿಯದಿದ್ದರೆ ಆಸ್ಪತ್ರೆ ಎಂದರು. ಜಯಾ ಆ ಎರಡು ದಿನ ಒಪ್ಪತ್ತು ಮಾಡಿದಳು. ಏನೆಂದು ಬೇಡಿಕೊಳ್ಳುವುದು? ಪದ್ಮಾವತಿಯ ಫೋಟೋದ ಮುಂದೆ ನಿಂತಳು. ನಿನ್ನ ಕಾವಲನ್ನು ನಾನೇ ನೀರಿಗೆ ಹಾಕಿದೆ ಎನ್ನಬೇಕಿತ್ತು. ಹೂವನ್ನಷ್ಟೇ ಇಟ್ಟು ಬಂದಳು.

ಮೂರನೆಯ ಬೆಳಿಗ್ಗೆ ಜ್ವರ ಇಳಿಯಿತು. ಗಂಜಿ ಕುಡಿಸುತ್ತ ಜಯಾ ಹೇಳಿದಳು: "ಬ್ಯಾಟರಿಯದು ತಪ್ಪಲ್ಲ. ಒಂದು ಸುರುಳಿಗಿಂತ ಹೆಚ್ಚು ಅದು ತಡೆಯಲ್ಲ ಅಂತ ಗೊತ್ತಿದ್ದೂ ಎರಡು ಹಾಕಿದೆ. ಸ್ವೆಟರನ್ನೂ ಬೇಕಂತಲೇ ನೆನೆಸಿದೆ."

"ಬೇಕಂತಲೇ ನೆನೆಸಿದ್ದು ಅಂತ ಗೊತ್ತು. ನಿಮ್ಮಜ್ಜಿ ಧಾಬಳಿ ಉಟ್ಟುಕೊಂಡೇ ನನಗೆ ಮೊದಲ ಸಲ ಊಟ ಬಡಿಸಿದ್ದು, ಮರೆತೆಯಾ?"

ಜಯಾ ತಲೆ ತಗ್ಗಿಸಿದಳು. ವರ್ಷದಿಂದ ಗಂಟಲಲ್ಲಿದ್ದುದನ್ನು ಕೇಳಿದಳು: "ಅದನ್ನು ಹಾಕ್ಕೊಂಡಾಗ ಅವರ ನೆನಪಾಗುತ್ತಾ?"

"ಆಗುತ್ತೆ," ಎಂದ ಗಿರಿಧರ. ಅವನಿಗೆ ಸುಳ್ಳು ಬರುತ್ತಿರಲಿಲ್ಲ.

"ನಾನು ಮಾಡಿದ್ದು ಹಾಕ್ಕೊಂಡಾಗ?"

"ಆಗ ಫ್ಯೂಸ್ ಎಲ್ಲಿ ಹೋಗುತ್ತೋ ಅನ್ನೋ ಭಯ ಆಗುತ್ತೆ." ಅವಳ ಮುಖ ನೋಡಿ ಅವಳ ಮಣಿಕಟ್ಟು ಹಿಡಿದುಕೊಂಡ. "ಇವಳು ನನ್ನನ್ನ ಸಾಯೋಕೆ ಬಿಡಲ್ಲ ಅಂತಲೂ ಅನ್ನಿಸುತ್ತೆ. ಗಂಜಿಗೆ ಉಪ್ಪು ಹಾಕಿಲ್ಲ ನೀನು."

ಮಧ್ಯಾಹ್ನ ಅವನು ಮಲಗಿದ ಮೇಲೆ ಜಯಾ ಅಂಗಿಯ ಹೊಲಿಗೆ ಬಿಚ್ಚಿ ಎರಡನೆಯ ಸುರುಳಿಯನ್ನು ತೆಗೆದಳು. ಆಮೇಲೆ ಒಣಗಿದ ಸ್ವೆಟರನ್ನು ತೊಡೆಯ ಮೇಲೆ ಹರಡಿಕೊಂಡಳು. ಇಷ್ಟು ಹತ್ತಿರದಿಂದ ಅದನ್ನು ನೋಡಿದ್ದು ಅದೇ ಮೊದಲು. ಕೆಳಗಿನಿಂದ ಎದೆಯವರೆಗೆ ಹೆಣಿಗೆ ಒಪ್ಪವಾಗಿತ್ತು. ಮೇಲೆ ಬರುತ್ತ ಸಡಿಲವಾಗಿ, ಕುತ್ತಿಗೆಯ ಬಳಿ ಎಷ್ಟೋ ಕುಣಿಕೆಗಳು ತಪ್ಪಿಹೋಗಿದ್ದವು. ಅದನ್ನು ಕಂಡು ಅವಳಿಗೆ ಮೊದಲು ಆದದ್ದು ಸಂತೋಷ. ಮಹಾತಾಯಿಯ ಹೆಣಿಗೆಯಲ್ಲೂ ತಪ್ಪಿದೆ ಎಂದು ಕಮಲಾಕ್ಷಮ್ಮನಿಗೆ ತೋರಿಸಿ ಬರಬೇಕೆನ್ನಿಸಿತು. ಮರುಗಳಿಗೆಯೇ, ಆ ಕುಣಿಕೆ ತಪ್ಪಿದ ಕೈಗೆ ಆಗ ಸೂಜಿ ಎತ್ತುವ ಶಕ್ತಿಯೂ ಇದ್ದಿರಲಾರದು ಎಂದು ಹೊಳೆಯಿತು. ಬೆರಳು ಅಲ್ಲೇ ನಿಂತಿತು.

ಕುತ್ತಿಗೆಯನ್ನು ಅವಳು ಸರಿಮಾಡಲಿಲ್ಲ. ತನ್ನ ಫ್ಲಾನೆಲ್ ಅಂಗಿಯನ್ನು ಸ್ವೆಟರಿನ ಒಳಮೈಗೆ ಇಟ್ಟು, ಒಂದನ್ನು ಬಿಟ್ಟು ಇನ್ನೊಂದನ್ನು ತೊಡಲಾಗದಂತೆ ಸುತ್ತಲೂ ಬಿಗಿಯಾಗಿ ಹೊಲಿದಳು.

ಗಿರಿಧರ ಮತ್ತೆ ಕೆಲಸಕ್ಕೆ ಹೊರಟ ಬೆಳಿಗ್ಗೆ ಕಮಲಾಕ್ಷಮ್ಮ ಮಹಡಿಯ ಕಟ್ಟೆಯಲ್ಲಿ ನಿಂತಿದ್ದರು. "ಪದ್ಮನ ಸ್ವೆಟರ್ ಹಾಕ್ಕೊಂಡೆಯಾ ಗಿರಿ? ಒಳ್ಳೇದಾಯ್ತಪ್ಪ. ಇನ್ನು ನಂಗೆ ಚಿಂತೆಯಿಲ್ಲ."

ಜಯಾ ಪ್ಲಗ್ಗು ಸಿಕ್ಕಿಸಿ ಸ್ವಿಚ್ಚು ಒತ್ತಿದಳು. ಬಿಸಿಯಾಯಿತೇ ಎಂದು ನೋಡಲು ಸ್ವೆಟರಿನ ಕೆಳಗಿನಿಂದ ಕೈ ತೂರಿಸಿ ಗಂಡನ ಎದೆಯ ಮೇಲಿಟ್ಟಳು. ನಿಧಾನವಾಗಿ ಅಂಗೈ ಬೆಚ್ಚಗಾಯಿತು.

"ಹೌದು ಅಜ್ಜಿ," ಎಂದು ಕೈ ತೆಗೆಯದೆಯೇ ಮಹಡಿಯ ಕಡೆ ಮುಖವೆತ್ತಿ ಹೇಳಿದಳು, "ಹೊರಗೆ ಕಾಣೋದು ಅವರದೇ."