ಕೂಗುಡಬ್ಬಿಯ ಹಸಿರು ದೀಪ

ಕಾದು ಕಾದು ಕಣ್ಣು ಬೆಳ್ಳಗಾದ ಮೇಲೆ ಬ್ಯಾಟರಿ ಬಂತು. ಅಷ್ಟರಲ್ಲಿ ಭಾವನ ದೋಣಿ ಕಡಲಿಗಿಳಿದಾಗಿತ್ತು.

ಬಂದರಿನ ಹಿಂದಿನ ಓಣಿಯಲ್ಲಿ ತಗಡು ಹೊದಿಸಿದ ಒಂದು ರಿಪೇರಿ ಅಂಗಡಿ ಅವನದು. ದೋಣಿಗಳ ಕೂಗುಡಬ್ಬಿ ಬಿಚ್ಚಿ, ಅವಧಿ ಮುಗಿದ ಬ್ಯಾಟರಿ ತೆಗೆದು, ಹೊಸದು ಕೂರಿಸಿ, ನೀರು ನುಗ್ಗದಂತೆ ರಬ್ಬರ್ ಬಳೆ ತೊಡಿಸಿ ಮುಚ್ಚುವುದು ಅವನ ಕಸುಬು. ಕೂಗುಡಬ್ಬಿ ಎಂಬುದು ಬಂದರಿನವರು ಇಟ್ಟ ಹೆಸರು. ತಂಬಿಗೆ ಗಾತ್ರದ ಹಳದಿ ಡಬ್ಬಿ. ದೋಣಿ ಮುಳುಗಿದರೆ ಅದು ತೇಲಿಕೊಂಡು, ತಾನಿರುವ ಜಾಗವನ್ನು ಆಕಾಶಕ್ಕೆ ಕೂಗಿ ಹೇಳುತ್ತದೆ. ಕೂಗು ರಕ್ಷಣಾ ಕಚೇರಿಗೆ ಮುಟ್ಟುತ್ತದೆ. ಬ್ಯಾಟರಿ ಹೊಸದಾದರೆ ಎರಡು ಹಗಲು, ಎರಡು ರಾತ್ರಿ ದಣಿಯದೆ ಕೂಗುತ್ತದೆ. ಹಳೆಯದಾದರೆ ಎಷ್ಟು ಹೊತ್ತು ಎಂದು ಯಾರೂ ಹೇಳಲಾರರು.

ಭಾವನ ಡಬ್ಬಿಯ ಬ್ಯಾಟರಿ ಅವಧಿ ಮುಗಿದಿತ್ತು. ಹೊಸದು ಬರುವ ತನಕ ಹೋಗಬೇಡಿ ಎಂದು ಇವನು ಅಂಗಲಾಚಿದ್ದ. ಭಾವ ನಕ್ಕಿದ್ದ.

"ಹಾಲಾದ್ರೆ ಒಡೆಯುತ್ತೆ, ಹಿಟ್ಟಾದ್ರೆ ಹುಳ ಬೀಳುತ್ತೆ. ಬ್ಯಾಟರಿ ಏನು, ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ಕೊಂಡು ಸಾಯುತ್ತೇನಯ್ಯ? ನೋಡಿಲ್ಲಿ!" ಎಂದು ಪರೀಕ್ಷೆಯ ಗುಂಡಿ ಒತ್ತಿದ್ದ. ಹಸಿರು ದೀಪ ಮಿಣುಕಿತ್ತು.

"ಸುಮ್‌ಸುಮ್ನೆ ಒತ್ತಬೇಡಿ ಭಾವ. ಒತ್ತಿದಾಗೆಲ್ಲ ಅದು ಒಂದು ಗುಟುಕು ಕುಡಿಯುತ್ತೆ. ತಿಂಗಳಿಗೊಂದ್ಸಲ ಸಾಕು."

"ಆಯ್ತು ಮೇಷ್ಟ್ರೇ," ಎಂದು ಭಾವ ಅವನ ಬೆನ್ನಿಗೆ ಗುದ್ದಿ ಹೋಗಿದ್ದ. ಮೀನು ಕಾಯುವುದಿಲ್ಲ ಎಂಬುದು ಅವನ ವಾದ. ಅದೂ ನಿಜವೇ.

ಇಂದು ಮಧ್ಯಾಹ್ನ ಬ್ಯಾಟರಿಯ ಪೆಟ್ಟಿಗೆ ಬಿಚ್ಚುತ್ತಿರುವಾಗಲೇ ರಕ್ಷಣಾ ಕಚೇರಿಯಿಂದ ಫೋನು ಬಂತು. ಭಾವನ ಡಬ್ಬಿ ಕೂಗುತ್ತಿದೆ. ದೋಣಿ ಮಾತಿಗೆ ಸಿಗುತ್ತಿಲ್ಲ. ಹಡಗು ಹೊರಟಿದೆ, ಆದರೆ ದೂರ, ಗಾಳಿ ಎದುರು. ಬೆಳಕು ಹರಿಯುವ ಹೊತ್ತಿಗೆ ಮುಟ್ಟಬಹುದು.

ಸುದ್ದಿಗೆ ಕಾಲು ಬರುವುದಕ್ಕೆ ಎಷ್ಟು ಹೊತ್ತು? ಅಕ್ಕ ಒಗೆಯುತ್ತಿದ್ದ ಬಟ್ಟೆ ಬಿಟ್ಟು ಒದ್ದೆ ಕೈಯಲ್ಲೇ ಓಡಿ ಬಂದಳು. ಅವ್ವ ಹೋದ ಮೇಲೆ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಇವನ ಮುಖ ಓದಲು ಅವಳಿಗೆ ಅಕ್ಷರ ಬೇಕಿರಲಿಲ್ಲ. ಹಾಗಾಗಿ ಅವನು ಮುಖ ತಗ್ಗಿಸಿ ಮೇಜಿನ ಮೇಲಿನ ತಿರುಪುಗಳನ್ನು ಒಂದು ಮುಚ್ಚಳಕ್ಕೆ ತುಂಬತೊಡಗಿದ.

"ಕೂಗ್ತಿದೆ ಅಂದ್ರೆ ಇದಾರೆ ಅಂತ ತಾನೆ?"

"ಹೂಂ ಅಕ್ಕ."

"ಮತ್ಯಾಕೆ ಹಾಗೆ ಕೂತಿದೀಯ, ಹಾಲು ಚೆಲ್ಲಿದ ಬೆಕ್ಕಿನ ಹಾಗೆ?" ಎಂದು ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. ಸ್ಟೂಲು ಎಳೆದುಕೊಂಡು ಕೂತಳು.

ಇಬ್ಬರೂ ಫೋನನ್ನೇ ನೋಡುತ್ತ ಕೂತರು. ಹೊರಗೆ ಯಾರೋ ಬಲೆ ಕೊಡವುತ್ತಿದ್ದರು. ತಗಡಿನ ಮೇಲಿನ ಬಿಸಿಲು ಇಳಿದು, ಸೂರು ಟಿಕ್ ಟಿಕ್ ಎನ್ನತೊಡಗಿತು.

ಸಂಜೆ ಮತ್ತೆ ಫೋನು. ಕಚೇರಿಯವನ ಮಾತು ನಿಧಾನವಾಗಿತ್ತು. "ಕೂಗು ತಡೆದು ತಡೆದು ಬರ್ತಿದೆ ಕಣಪ್ಪ. ಅವರು ನೀರಿನ ಸೆಳೆತಕ್ಕೆ ಸರೀತಾ ಇದಾರೆ, ಕೂಗು ನಿಂತ್ರೆ ಹುಡುಕೋದು ಕಷ್ಟ. ಬ್ಯಾಟರಿ ಅವಧಿ ಮುಗಿದಿತ್ತು ಅಂತ ಮಧ್ಯಾಹ್ನ ಅಂದಿದ್ಯಲ್ಲ, ಪರೀಕ್ಷೆ ಎಷ್ಟು ಸಲ ಮಾಡಿದ್ರು? ಎಷ್ಟು ಹೊತ್ತು ನಂಬಬಹುದು, ಲೆಕ್ಕ ಹಾಕ್ಬೇಕು."

"ತಿಂಗಳಿಗೊಂದ್ಸಲ," ಎಂದ ಅವನು.

"ಏನಂತೆ?" ಎಂದಳು ಅಕ್ಕ.

"ಗುಂಡಿ ಎಷ್ಟು ಸಲ ಒತ್ತುತ್ತಿದ್ರು ಅಂತ."

"ತಿಂಗಳಿಗೊಂದ್ಸಲ ಅಂತ ಯಾಕೆ ಹೇಳ್ತೀಯ? ದಿನಾ ಒತ್ತುತ್ತಿದ್ರು ಅನ್ನು!" ಅಕ್ಕನ ಮುಖ ಅರಳಿತು. "ದಕ್ಕೆಯಿಂದ ದೋಣಿ ಬಿಡೋ ಮುಂಚೆ ನಂಗೆ ಆ ಹಸಿರು ದೀಪ ತೋರಿಸಲೇಬೇಕು. ತೋರಿಸದಿದ್ರೆ ನಾನು ಹಗ್ಗ ಬಿಚ್ಚೋಕೆ ಬಿಡ್ತಿರಲಿಲ್ಲ. ನಿಮ್ಮ ಭಾವ ಗೊಣಗೋರು, ಆದ್ರೂ ಒತ್ತೋರು. ಇಷ್ಟು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ ಕಣೋ ನಾನು. ಹೇಳು ಅವರಿಗೆ."

ದಿನಕ್ಕೊಂದು ಗುಟುಕು, ಇಷ್ಟು ವರ್ಷ. ಹೇಳದಿದ್ದರೆ ಅಲ್ಲಿ ಲೆಕ್ಕ ತಪ್ಪುತ್ತದೆ. ಅವನು ಗೋಡೆಯ ಕಡೆ ತಿರುಗಿ ಫೋನಿಗೆ ಹೇಳಿದ, "ದಿನಾ ಒತ್ತಿದಾರಂತೆ."

ಆ ಕಡೆ ಕಾಗದದ ಮೇಲೆ ಪೆನ್ನು ಗೀಚಿದ ಸದ್ದು. ಆಮೇಲೆ, "ಸರಿ. ಹಡಗಿಗೆ ತಿಳಿಸ್ತೀನಿ," ಎಂದು ಫೋನು ಇಟ್ಟ.

"ಏನಂದ್ರು? ಒಳ್ಳೇದಾಯ್ತು ಅಂದ್ರಾ?"

"ಹಡಗಿಗೆ ತಿಳಿಸ್ತಾರಂತೆ."

ಅಕ್ಕ ಉಸಿರು ಬಿಟ್ಟಳು. ಆಗ ಮೇಜಿನ ಮೇಲಿನ ಬಿಚ್ಚಿದ ಪೆಟ್ಟಿಗೆ ಅವಳ ಕಣ್ಣಿಗೆ ಬಿತ್ತು. "ಇದ್ಯಾರದ್ದೋ?"

"ನಿಮ್ದೇ."

ಅವಳು ಬ್ಯಾಟರಿಯನ್ನು ಎತ್ತಿ ತೂಕ ನೋಡಿದಳು, ಸಂತೆಯಲ್ಲಿ ಕಾಯಿ ನೋಡುವಂತೆ. "ಗಟ್ಟಿಯಾಗಿದೆ. ನಾಳೆ ಅವರು ಬಂದ ತಕ್ಷಣ ಹಾಕಿಬಿಡು, ಮರೀಬೇಡ," ಎಂದು ಅವನ ಅಂಗೈಯಲ್ಲಿಟ್ಟಳು.

"ಹೂಂ," ಎಂದ ಅವನು. ಇನ್ನೊಂದು ಕೈ ತಾನಾಗಿ ಸ್ಕ್ರೂಡ್ರೈವರ್ ಎತ್ತಿಕೊಂಡಿತು. ಬಿಚ್ಚಲು ಎದುರಿಗೆ ಡಬ್ಬಿ ಇರಲಿಲ್ಲ.